ಹೆಸರಾಂತ ಲೋಕದ ಮೇಲೆ ಆರ್‌ಪಿಜಿ ಮಾಡಬೇಕಾ? ಲೈಸೆನ್ಸ್, ಹಳೆಯ ಕಥೆ, ಸ್ವಂತ ಲೋಕ: ಯಾವುದು ಯಾರಿಗೆ

ಟೇಬಲ್‌ಟಾಪ್ ಆರ್‌ಪಿಜಿ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಆಟ, ಬರೆಯುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಈ ಆಸೆ ಬಂದಿರುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ಸಿನಿಮಾ, ಸೀರೀಸ್ ಅಥವಾ ಕಾಮಿಕ್ಸ್ ಲೋಕವನ್ನೇ ಆಟ ಮಾಡಿಬಿಟ್ಟರೆ? ಜನ ಹುಡುಕಿಕೊಂಡು ಬರುತ್ತಾರೆ. ಲೋಕದ ಭೂಗೋಳ, ಇತಿಹಾಸ ವಿವರಿಸುವ ಕಷ್ಟವೂ ಇಲ್ಲ. ಆಟಗಾರರು ಅದನ್ನೆಲ್ಲ ಮೊದಲೇ ತಿಳಿದುಕೊಂಡೇ ಮೇಜಿಗೆ ಬರುತ್ತಾರೆ.

ಆಸೆ ಸರಿಯೇ. ಆದರೆ ಅಲ್ಲಿಗೆ ಹೋಗುವ ದಾರಿ ಒಂದೇ ಅಲ್ಲ. ದೊಡ್ಡ ಫ್ರಾಂಚೈಸಿಯ ಲೈಸೆನ್ಸ್, ಅಂದರೆ ಹೆಸರಾದ ಸಿನಿಮಾ ಅಥವಾ ಸೀರೀಸ್ ಲೋಕ ಬಳಸುವ ಅನುಮತಿ, ಪಡೆಯಬಹುದು. ಒಬ್ಬ ಲೇಖಕರ ಜೊತೆ ನೇರವಾಗಿ ಮಾತಾಡಿಕೊಳ್ಳಬಹುದು. ಕಾಪಿರೈಟ್ ಮುಗಿದ ಕಥೆ ಎತ್ತಿಕೊಳ್ಳಬಹುದು. ಅದೇ ರುಚಿಯ ಸ್ವಂತ ಲೋಕ ಕಟ್ಟಬಹುದು. ಬೇರೆ ಪ್ರಕಾಶಕರ ಲೋಕಕ್ಕೆ ಅವರದೇ ಅಂಗಡಿಯಲ್ಲಿ ಬರೆದು ಮಾರಬಹುದು. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಮುಗಿದ ಮರುದಿನ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳಿ. ಅದಕ್ಕೆ ಉತ್ತರ ಇದ್ದರೆ ಮಾತ್ರ ದೊಡ್ಡ ಹೆಸರಿನ ಹಿಂದೆ ಹೋಗಿ.

ದೊಡ್ಡ ಫ್ರಾಂಚೈಸಿ: ಬಾಡಿಗೆ ಮನೆ, ಒಳ್ಳೆಯ ಬಡಾವಣೆ

ಸ್ಟಾರ್ ವಾರ್ಸ್ ಕಥೆ ನೋಡಿ. ವೆಸ್ಟ್ ಎಂಡ್ ಗೇಮ್ಸ್ 1987ರಲ್ಲಿ ಮೊದಲ ಆರ್‌ಪಿಜಿ ತಂದಿತು. ಆರು ಮುಖದ ದಾಳ ಬಿಟ್ಟರೆ ಬೇರೇನೂ ಬೇಡ, ಕಲಿಯುವುದು ಸುಲಭ. ಆಗ ಸಿನಿಮಾಗಳು ನಿಂತು ನಾಲ್ಕು ವರ್ಷ ಆಗಿತ್ತು. ಟ್ವಿಲೆಕ್, ರೋಡಿಯನ್ ಮುಂತಾದ ಅನ್ಯಗ್ರಹ ಜನಾಂಗಗಳ ಹೆಸರುಗಳು ಈ ಆಟದ ಪುಸ್ತಕಗಳಲ್ಲೇ ಹುಟ್ಟಿದವು. 1991ರಿಂದ ಹೊಸ ಕಾದಂಬರಿಗಳು ಬರಲು ಶುರುವಾದಾಗ ಲೇಖಕರಿಗೆ ಆಕರ ಅಂತ ಕೊಟ್ಟದ್ದೂ ಇವೇ ಪುಸ್ತಕಗಳನ್ನು. 1998ರಲ್ಲಿ ಕಂಪನಿ ದಿವಾಳಿ ಎದ್ದಿತು. ಲೈಸೆನ್ಸ್ ವಿಝರ್ಡ್ಸ್ ಆಫ್ ದ ಕೋಸ್ಟ್‌ಗೆ ಹೋಯಿತು. ಅವರು 2000ದಲ್ಲಿ ಡಿ20, ಅಂದರೆ ಇಪ್ಪತ್ತು ಮುಖದ ದಾಳದ ನಿಯಮದಲ್ಲಿ ಹೊಸ ಆಟ ತಂದು 2010ರಲ್ಲಿ ನಿಲ್ಲಿಸಿದರು. ಆಮೇಲೆ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಬಂದು, ಚಿಹ್ನೆಗಳಿರುವ ವಿಶೇಷ ದಾಳಗಳ ಜೊತೆ ಮೂರನೇ ಬಾರಿ ಮೊದಲಿನಿಂದ ಶುರು ಮಾಡಿತು.

ಒಂದೇ ಲೋಕ, ಮೂರು ಪ್ರಕಾಶಕರು, ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಿಯಮಾವಳಿ. ವೆಸ್ಟ್ ಎಂಡ್‌ನವರು ಇಟ್ಟ ಹೆಸರುಗಳು ಇವತ್ತಿಗೂ ಓಡಾಡುತ್ತಿವೆ, ಆದರೆ ಅವು ಸೇರಿದ್ದು ಸಿನಿಮಾಗಳ ಮಾಲೀಕರಾದ ಲೂಕಾಸ್‌ಫಿಲ್ಮ್‌ಗೆ. ಲೈಸೆನ್ಸ್ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ನೀವು ಹುಟ್ಟಿಸಿದ ಪಾತ್ರ, ಊರು, ಹಡಗು ಎಲ್ಲ ಲೋಕದ ಮಾಲೀಕರ ಪಾಲು. ಬಾಡಿಗೆ ಮನೆಗೆ ನಿಮ್ಮ ಖರ್ಚಿನಲ್ಲಿ ಮಹಡಿ ಕಟ್ಟಿಸಿದ ಹಾಗೆ.

ಹಾಗಾದರೆ ಪ್ರಕಾಶಕರಿಗೆ ಉಳಿದದ್ದೇನು? ನಿಯಮ. ವೆಸ್ಟ್ ಎಂಡ್‌ನ ಆ ಆರು ಮುಖದ ದಾಳದ ಡಿ6 ನಿಯಮ ಕಂಪನಿ ಕೈ ಬದಲಾದ ಮೇಲೂ ಬದುಕಿತು, ಮುಂದೆ ಮುಕ್ತ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಸಿಕ್ಕಿತು. ಫ್ಯಾಂಟಸಿ ಫ್ಲೈಟ್ ತನ್ನ ವಿಶೇಷ ದಾಳಗಳ ಪದ್ಧತಿಯನ್ನು 2017ರಲ್ಲಿ ಜೆನೆಸಿಸ್ ಹೆಸರಿನಲ್ಲಿ ಯಾವ ಲೋಕಕ್ಕೂ ಹೊಂದುವ ಆಟವಾಗಿ ಬಿಡುಗಡೆ ಮಾಡಿತು. ಮಾರ್ಗರೆಟ್ ವೈಸ್ ಪ್ರೊಡಕ್ಷನ್ಸ್ ಸಿರೆನಿಟಿ, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ, ಮಾರ್ವೆಲ್, ಫೈರ್‌ಫ್ಲೈ ಅಂತ ಲೋಕದಿಂದ ಲೋಕಕ್ಕೆ ಹಾರಿತು. ಲೈಸೆನ್ಸ್‌ಗಳು ಒಂದೊಂದಾಗಿ ಹೋದವು, ಅವಕ್ಕೆಲ್ಲ ಬಳಸಿದ ಕಾರ್ಟೆಕ್ಸ್ ನಿಯಮ ಉಳಿಯಿತು. ಸ್ಟಾರ್ ಟ್ರೆಕ್, ಡ್ಯೂನ್, ಫಾಲ್‌ಔಟ್ ಮಾಡಿದ ಮೊಡಿಫಿಯಸ್‌ನ 2ಡಿ20, ಏಲಿಯನ್ ಮತ್ತು ಬ್ಲೇಡ್ ರನ್ನರ್ ಮಾಡಿದ ಫ್ರೀ ಲೀಗ್‌ನ ಇಯರ್ ಝೀರೋ ಕೂಡ ಇದೇ ಜಾತಿಯವು. ಈ ಕಂಪನಿಗಳು ಒಂದು ಹೆಸರು ಕಳೆದುಕೊಂಡರೆ ಅದೇ ನಿಯಮವನ್ನು ಇನ್ನೊಂದು ಹೆಸರಿಗೆ ಹೊಂದಿಸುತ್ತವೆ.

ನಿಮ್ಮ ಹತ್ತಿರ ಆಡಿಸಿ ಪಳಗಿಸಿದ ಸ್ವಂತ ನಿಯಮ ಇಲ್ಲವಾ? ಹಾಗಿದ್ದರೆ ದೊಡ್ಡ ಲೈಸೆನ್ಸ್‌ಗೆ ಇನ್ನೂ ಸಮಯ ಆಗಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅಪಾಯವೂ ಇದೆ, ಮಾಲೀಕರೇ ಪ್ರಕಾಶಕರಾಗಿಬಿಡುವುದು. ಮಾರ್ವೆಲ್ ಲೋಕದ ಆಟವನ್ನು 1984ರಲ್ಲಿ ಟಿಎಸ್‌ಆರ್ ಕಂಪನಿ ತಂದಿತು. 2003ರಲ್ಲಿ ಮಾರ್ವೆಲ್ ತಾನೇ ದಾಳವಿಲ್ಲದ ಒಂದು ಆಟ ತಂದಿತು. 2012ರಲ್ಲಿ ಮಾರ್ಗರೆಟ್ ವೈಸ್ ಸರದಿ. ಆ ಆಟಕ್ಕೆ ಒಳ್ಳೆಯ ಹೆಸರು ಬಂತು, ಆದರೂ ಮರುವರ್ಷವೇ ನಿಂತಿತು. 2023ರಲ್ಲಿ ಮಾರ್ವೆಲ್ ಮತ್ತೆ ತನ್ನದೇ ಹೆಸರಿನಲ್ಲಿ ಹೊಸ ರೂಲ್‌ಬುಕ್ ಪ್ರಕಟಿಸಿತು.

ಲೆಕ್ಕ ಹಾಕಿ ನೋಡಿ

ಒಪ್ಪಂದದಲ್ಲಿ ಹಣದ ವಿಷಯ ಎರಡು. ಒಂದು ರಾಯಲ್ಟಿ, ಅಂದರೆ ಮಾರಾಟದ ಮೇಲಿನ ಪಾಲು. ಇನ್ನೊಂದು ಮಿನಿಮಮ್ ಗ್ಯಾರಂಟಿ, ಅಂದರೆ ಪುಸ್ತಕ ಮಾರಾಟವಾಗಲಿ ಬಿಡಲಿ ಕೊಡಲೇಬೇಕಾದ ಮೊತ್ತ. ಹೊಸಬರು ರಾಯಲ್ಟಿ ಎಷ್ಟು ಪರ್ಸೆಂಟ್ ಅಂತ ಚೌಕಾಸಿ ಮಾಡುತ್ತಾ ಕೂರುತ್ತಾರೆ. ನಿಜವಾಗಿ ಕುತ್ತಿಗೆಗೆ ಬರುವುದು ಗ್ಯಾರಂಟಿ.

ಸುಮ್ನೆ ಒಂದು ಊಹೆಯ ಲೆಕ್ಕ. ಪುಸ್ತಕದ ಬೆಲೆ 50 ಡಾಲರ್. ವಿತರಕರ ಮೂಲಕ ಅಂಗಡಿಗೆ ಹೋದರೆ ನಿಮ್ಮ ಕೈಗೆ ಬರುವುದು 20 ಡಾಲರ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 10 ರಾಯಲ್ಟಿ, ಅಂದರೆ ಪ್ರತಿಗೆ 2 ಡಾಲರ್. ಗ್ಯಾರಂಟಿ 20,000 ಡಾಲರ್ ಆಗಿದ್ದರೆ ಅದನ್ನು ಸರಿದೂಗಿಸುವುದಕ್ಕೇ 10,000 ಪ್ರತಿ ಮಾರಬೇಕು. ಮುದ್ರಣ, ಚಿತ್ರ, ಸಂಪಾದನೆಯ ಖರ್ಚು ಇನ್ನೂ ಇದರಲ್ಲಿ ಸೇರಿಲ್ಲ. ಸಣ್ಣ ಪ್ರಕಾಶಕರಿಗೆ 10,000 ಪ್ರತಿ ಸಣ್ಣ ಮಾತಲ್ಲ.

ದೊಡ್ಡ ಹೆಸರು ಇದ್ದರೆ ಜನ ಬರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಮ್ಯಾಗ್‌ಪೈ ಗೇಮ್ಸ್‌ನ ಅವತಾರ್ ಲೆಜೆಂಡ್ಸ್ 2021ರಲ್ಲಿ ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 95 ಲಕ್ಷ ಡಾಲರ್ ದಾಟಿತು. ಹಣ ಹಾಕಿದವರು 81 ಸಾವಿರಕ್ಕೂ ಜಾಸ್ತಿ. ಆದರೆ ಆ ಕಂಪನಿ ಅಷ್ಟರಲ್ಲಾಗಲೇ ಹಲವು ಆಟ ತಂದಿತ್ತು, ಪುಸ್ತಕ ತಲುಪಿಸುವುದು ಹೇಗೆ ಅಂತ ಗೊತ್ತಿತ್ತು. ಅದೇ ಜನ ಹೊಸಬರ ಬಾಗಿಲಿಗೆ ಬಂದರೆ ಅವರಿಗೆ ಅದು ಸುಗ್ಗಿಯಾಗುವ ಬದಲು ಪ್ರವಾಹವಾಗಬಹುದು.

ಹಣಕ್ಕಿಂತ ಹೆಚ್ಚು ಸುಸ್ತು ಮಾಡುವುದು ಅಪ್ರೂವಲ್. ಪ್ರತಿ ಅಧ್ಯಾಯ, ಪ್ರತಿ ಚಿತ್ರ, ಕೆಲವೊಮ್ಮೆ ಜಾಹೀರಾತಿನ ಸಾಲು ಕೂಡ ಮಾಲೀಕರ ಕಡೆಯವರು ನೋಡಿ ಒಪ್ಪಬೇಕು. ಅವರಿಗೆ ಆಟಿಕೆ, ಬಟ್ಟೆ, ವಿಡಿಯೋ ಗೇಮ್ ಎಲ್ಲ ಇವೆ. ನಿಮ್ಮ ಆರ್‌ಪಿಜಿ ಸಾಲಿನ ಕೊನೆಯಲ್ಲಿ ಇರುತ್ತದೆ. ಹಾಗಾಗಿ ಒಪ್ಪಂದದಲ್ಲಿ ಗಡುವು ಬರೆಸಿಕೊಳ್ಳಿ. ಇಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಅರ್ಥ ಅನ್ನುವ ಷರತ್ತು ಸಿಕ್ಕರೆ ಪುಣ್ಯ. ಅದು ಸಿಗದಿದ್ದರೆ, ಅವರು ತಡ ಮಾಡಿದಷ್ಟು ದಿನ ಲೈಸೆನ್ಸ್ ಅವಧಿಗೆ ಸೇರಿಸಿ ಅಂತಾದರೂ ಕೇಳಿ.

ಯಾವ ಹಕ್ಕು, ಯಾರ ಹಕ್ಕು

ಲೋಕದ ಹೆಸರು ಒಂದೇ ಇದ್ದರೂ ಅದರ ಹಕ್ಕುಗಳು ಚೂರುಚೂರಾಗಿ ಹಂಚಿಹೋಗಿರುತ್ತವೆ. 2005ರ ಸಿರೆನಿಟಿ ಆಟ ಸಿನಿಮಾದ ಲೈಸೆನ್ಸ್ ಮೇಲೆ ಬಂದದ್ದು. ಆ ಸಿನಿಮಾದ ಮೂಲ ಫೈರ್‌ಫ್ಲೈ ಸೀರೀಸ್. ಅದರ ಹಕ್ಕು ಬೇರೆ ಸ್ಟುಡಿಯೋದ್ದು, ಆದ್ದರಿಂದ ಸೀರೀಸ್ ಮೇಲಿನ ಆಟ 2014ರಲ್ಲಿ ಪ್ರತ್ಯೇಕ ಲೈಸೆನ್ಸ್‌ನಲ್ಲಿ ಬಂತು. ಪಾತ್ರಗಳು ಅವೇ, ಹಡಗು ಅದೇ, ಕಾಗದಪತ್ರ ಮಾತ್ರ ಬೇರೆ. ಗ್ರೀನ್ ರೋನಿನ್ 2009ರಲ್ಲಿ ತಂದ ಎ ಸಾಂಗ್ ಆಫ್ ಐಸ್ ಅಂಡ್ ಫೈರ್ ಆಟ ಕಾದಂಬರಿಗಳ ಮೇಲಿನದು, ಟಿವಿ ಸೀರೀಸ್‌ನದ್ದಲ್ಲ. ಟೋಲ್ಕಿನ್ ಲೋಕದ ಆಟಗಳಿಗೆ ಸಿಕ್ಕ ಹಕ್ಕು ದ ಹಾಬಿಟ್ ಮತ್ತು ದ ಲಾರ್ಡ್ ಆಫ್ ದ ರಿಂಗ್ಸ್ ಕೃತಿಗಳಷ್ಟಕ್ಕೇ. ಅವರ ಇನ್ನೊಂದು ಪುಸ್ತಕ ದ ಸಿಲ್ಮರಿಲಿಯನ್‌ನಲ್ಲಿ ಮಾತ್ರ ಬರುವ ಸಂಗತಿ ಮುಟ್ಟುವಂತಿಲ್ಲ. ಅಭಿಮಾನಿಗಳು ಕೇಳುವುದು ಮೊದಲು ಅದನ್ನೇ, ಅಲ್ವಾ!

ಮಾಧ್ಯಮದ ಹಕ್ಕೂ ಬೇರೆಯೇ. ಫ್ಯಾಂಟಸಿ ಫ್ಲೈಟ್‌ನ ಸ್ಟಾರ್ ವಾರ್ಸ್ ಪುಸ್ತಕಗಳು ಕಾಗದದಲ್ಲಷ್ಟೇ ಬಂದವು, ಅಧಿಕೃತ ಪಿಡಿಎಫ್ ಬರಲೇ ಇಲ್ಲ. ಇವತ್ತು ಪಿಡಿಎಫ್ ಇಲ್ಲದೆ ಆರ್‌ಪಿಜಿ ಮಾರುವುದು ಒಂದು ಕೈ ಕಟ್ಟಿಕೊಂಡು ಈಜುವ ಕೆಲಸ. ವರ್ಚುವಲ್ ಟೇಬಲ್‌ಟಾಪ್, ಅಂದರೆ ಆನ್‌ಲೈನ್‌ನಲ್ಲಿ ಆಟ ಆಡಿಸುವ ಹಕ್ಕು, ಅನುವಾದದ ಹಕ್ಕು, ನಟರ ಮುಖ ಬಳಸುವ ಹಕ್ಕು ಇವೆಲ್ಲ ಒಂದೊಂದಾಗಿ ಕೇಳಬೇಕಾದವು.

ಸಹಿ ಹಾಕುವವರ ಬಳಿ ನಿಜಕ್ಕೂ ಹಕ್ಕು ಇದೆಯಾ ಅಂತಲೂ ನೋಡಬೇಕು. ಫಾಸಾ ಕಂಪನಿ 1984ರಲ್ಲಿ ಬ್ಯಾಟಲ್‌ಟೆಕ್ ಆಟ ಶುರು ಮಾಡಿದಾಗ ಕೆಲವು ಯಂತ್ರಮಾನವರ ವಿನ್ಯಾಸಗಳನ್ನು ಜಪಾನಿನ ಅನಿಮೆಗಳಿಂದ ಲೈಸೆನ್ಸ್ ಮೂಲಕವೇ ತೆಗೆದುಕೊಂಡಿತ್ತು. ಆಮೇಲೆ ಹಾರ್ಮನಿ ಗೋಲ್ಡ್ ಕಂಪನಿ ಆ ಹಕ್ಕು ತನ್ನದು ಅಂತ ಕೋರ್ಟಿಗೆ ಹೋಯಿತು. 1990ರ ದಶಕದಲ್ಲಿ ಆ ಚಿತ್ರಗಳನ್ನು ಪುಸ್ತಕಗಳಿಂದ ತೆಗೆಯಬೇಕಾಯಿತು. ಆಟದ ಅತಿ ಜನಪ್ರಿಯ ಯಂತ್ರಗಳೇ ಹಾಗೆ ಮಾಯವಾದವು. ಅಭಿಮಾನಿಗಳು ಅವಕ್ಕೆ 'ಅನ್‌ಸೀನ್', ಅಂದರೆ ಕಾಣದವು, ಅಂತ ಅಡ್ಡಹೆಸರೇ ಇಟ್ಟರು. ಹಾಗಿದ್ದೂ ಬ್ಯಾಟಲ್‌ಟೆಕ್ ಬದುಕಿತು, ಏಕೆಂದರೆ ಚಿತ್ರಗಳು ಬೇರೆಯವರದಾದರೂ ಲೋಕ ಫಾಸಾದ್ದು. ಇದೇ ಫಾಸಾ 1982ರಿಂದ ಸ್ಟಾರ್ ಟ್ರೆಕ್ ಆಟವನ್ನೂ ತರುತ್ತಿತ್ತು. ಆ ಲೈಸೆನ್ಸ್ 1989ರಲ್ಲಿ ಕೈತಪ್ಪಿತು, ಆಟವೂ ಅಲ್ಲಿಗೇ ಮುಗಿಯಿತು.

ಲೈಸೆನ್ಸ್ ಸಿಕ್ಕಿತು. ಸ್ವಂತ ನಿಯಮವಾ, 5ಇ ನಾ?

ವಿಝರ್ಡ್ಸ್ ಆಫ್ ದ ಕೋಸ್ಟ್ ಪ್ರಕಟಿಸುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆರ್‌ಪಿಜಿಯ ಐದನೇ ಆವೃತ್ತಿ, ಅಂದರೆ 5ಇ, ಎಲ್ಲರಿಗೂ ಗೊತ್ತು. ಆಟಗಾರರು ಹೊಸದಾಗಿ ಕಲಿಯಬೇಕಿಲ್ಲ, ಅಂಗಡಿಯವರೂ ಧೈರ್ಯವಾಗಿ ತರಿಸುತ್ತಾರೆ. 2023ರ ಜನವರಿಯಲ್ಲಿ, ಅದರ ನಿಯಮಗಳನ್ನು ಬೇರೆಯವರೂ ಬಳಸಲು ಬಿಟ್ಟಿದ್ದ ಹಳೆಯ ಮುಕ್ತ ಲೈಸೆನ್ಸ್ ಬದಲಿಸುವ ಕರಡು ಸೋರಿಕೆಯಾಗಿ ದೊಡ್ಡ ಗದ್ದಲ ಆಯಿತು. ಅದೇ ತಿಂಗಳ ಕೊನೆಗೆ ವಿಝರ್ಡ್ಸ್ 5ಇ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿತು. ಹಾಗೆ ಬಿಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ. ಕಾನೂನಿನ ದೃಷ್ಟಿಯಿಂದ ನೋಡಿದರೆ 5ಇ ಈಗ ಮೊದಲಿಗಿಂತ ಭದ್ರ.

ಆದರೆ ಎಲ್ಲ ಲೋಕವೂ 5ಇಗೆ ಹೊಂದುವುದಿಲ್ಲ. ಕ್ಯೂಬಿಕಲ್ 7ರ ಡಾಕ್ಟರ್ ಹೂ ಆಟದಲ್ಲಿ ಒಂದು ಸೊಗಸಾದ ನಿಯಮವಿದೆ. ಗಲಾಟೆ ಶುರುವಾದಾಗ ಮಾತಾಡುವವರದು ಮೊದಲ ಸರದಿ, ಹೊಡೆಯುವವರದು ಕೊನೆಯ ಸರದಿ. ಆ ಒಂದು ನಿಯಮದಿಂದಲೇ ಆಟ ಸೀರೀಸ್ ಥರ ಆಗಿಬಿಡುತ್ತದೆ. ಅದನ್ನೇ 2022ರಲ್ಲಿ 5ಇಗೆ ತಂದಾಗ, ಪಾತ್ರ ಎಷ್ಟು ಏಟು ತಾಳುತ್ತದೆ ಅಂತ ಅಳೆಯುವ ಹಿಟ್ ಪಾಯಿಂಟ್ ತೆಗೆದು ಪ್ಲಾಟ್ ಪಾಯಿಂಟ್ ಅಂತ ಬೇರೆಯದನ್ನು ಕೂರಿಸಬೇಕಾಯಿತು. 2019ರ ಏಲಿಯನ್ ಆಟದಲ್ಲಿ ಪಾತ್ರಕ್ಕೆ ಒತ್ತಡ ಹೆಚ್ಚಾದಂತೆ ಉರುಳಿಸಲು ದಾಳಗಳೂ ಹೆಚ್ಚಾಗಿ ಸಿಗುತ್ತವೆ. ಗೆಲ್ಲುವ ಅವಕಾಶ ಏರುತ್ತದೆ, ಜೊತೆಗೆ ಗಾಬರಿ ಬೀಳುವ ಅವಕಾಶವೂ ಏರುತ್ತದೆ. ಮೇಜಿನ ಸುತ್ತ ಕೂತವರಿಗೆ ಕೈ ನಡುಗುವುದು ಆ ದಾಳಗಳಿಂದ. ಲೆವೆಲ್ ಏರುತ್ತಾ ಬಲಶಾಲಿಯಾಗುವ 5ಇ ವೀರರನ್ನು ಅಲ್ಲಿ ಇಟ್ಟರೆ ಭಯವೇ ಇರುವುದಿಲ್ಲ.

ಎರಡನ್ನೂ ಮಾಡುವುದು ಜಾಣತನ. ಕ್ಯೂಬಿಕಲ್ 7 ಟೋಲ್ಕಿನ್ ಲೋಕಕ್ಕೆ 2011ರಲ್ಲಿ ದ ಒನ್ ರಿಂಗ್ ಅಂತ ಸ್ವಂತ ನಿಯಮದ ಆಟ ತಂದಿತು. 2016ರಲ್ಲಿ ಅದೇ ಲೋಕಕ್ಕೆ 5ಇ ಪುಸ್ತಕವನ್ನೂ ತಂದಿತು. ಲೈಸೆನ್ಸ್ ಫ್ರೀ ಲೀಗ್‌ಗೆ ಹೋದ ಮೇಲೆ ಅವರೂ ಇದೇ ದಾರಿ ಹಿಡಿದರು. ನನ್ನ ಮನಸ್ಸು ಮಾತ್ರ ಸ್ವಂತ ನಿಯಮದ ಕಡೆಗೇ. 5ಇ ಪುಸ್ತಕ ಮೊದಲ ವರ್ಷ ಚೆನ್ನಾಗಿ ಮಾರಾಟವಾಗಬಹುದು. ಲೈಸೆನ್ಸ್ ಹೋದ ದಿನ ಲೋಕವೂ ಬೇರೆಯವರದ್ದು, ನಿಯಮವೂ ಬೇರೆಯವರದ್ದು.

ಲೇಖಕರ ಜೊತೆ ನೇರ ಒಪ್ಪಂದ

ಇದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ, ಆದರೆ ಸಣ್ಣ ಪ್ರಕಾಶಕರಿಗೆ ಇದು ಒಳ್ಳೆಯ ನಡುದಾರಿ. ಕಾದಂಬರಿ ಸರಣಿಯ ಹಕ್ಕು ಒಬ್ಬ ಲೇಖಕರ ಬಳಿ ಇದ್ದರೆ ಮಾತಾಡಬೇಕಾದದ್ದು ಒಬ್ಬರ ಜೊತೆ, ಅಥವಾ ಅವರ ಏಜೆಂಟ್ ಜೊತೆ. ಎವಿಲ್ ಹ್ಯಾಟ್ 2010ರಲ್ಲಿ ತಂದ ಡ್ರೆಸ್ಡೆನ್ ಫೈಲ್ಸ್ ಆಟ ಕಾದಂಬರಿ ಸರಣಿಯ ಮೇಲೆ ನಿಂತದ್ದು. ಅದು ಕಂಪನಿಯ ಫೇಟ್ ನಿಯಮವನ್ನು ಸಾವಿರಾರು ಹೊಸ ಓದುಗರ ಮುಂದೆ ತಂದಿತು. 2013ರ ಫೇಟ್ ಕೋರ್ ಬಂದಾಗ ಕಾಯುವ ಜನ ಆಗಲೇ ಇದ್ದರು. ಹೆಸರು ಎರವಲು ಪಡೆದು ನಿಯಮಕ್ಕೆ ಬೆಲೆ ತಂದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಒಂದು ಎಚ್ಚರಿಕೆ. ಸಿನಿಮಾ ಹಕ್ಕು ಮಾರಿದಾಗ ಲೇಖಕರು ಆಟದ ಹಕ್ಕನ್ನೂ ಸೇರಿಸಿ ಕೊಟ್ಟುಬಿಟ್ಟಿದ್ದಾರಾ ಅಂತ ಮೊದಲೇ ಕೇಳಿ.

ಕಾಪಿರೈಟ್ ಮುಗಿದ ಲೋಕ

ಇಲ್ಲಿ ಗ್ಯಾರಂಟಿ ಇಲ್ಲ, ಅಪ್ರೂವಲ್ ಇಲ್ಲ, ಅವಧಿಯೂ ಇಲ್ಲ. ಷರ್ಲಾಕ್ ಹೋಮ್ಸ್‌ನ ಕೊನೆಯ ಮೂಲ ಕಥೆಗಳು 1927ರಲ್ಲಿ ಬಂದವು. ಅಮೆರಿಕದಲ್ಲಿ 2023ರ ಜನವರಿಗೆ ಅವೂ ಮುಕ್ತವಾದವು. 1937ರಲ್ಲಿ ತೀರಿಕೊಂಡ ಲವ್‌ಕ್ರಾಫ್ಟ್ ಬರೆದ ಭಯಾನಕ ಕಥೆಗಳ ಮೇಲೆ ಎಷ್ಟು ಆಟಗಳು ಬಂದಿವೆ ಅಂತ ಲೆಕ್ಕ ಹಾಕುವುದೇ ಕಷ್ಟ.

ತೊಡಕು ಮೂರು ಕಡೆ. ಕಾಪಿರೈಟ್ ಅವಧಿ ದೇಶದಿಂದ ದೇಶಕ್ಕೆ ಬೇರೆ, ನೀವು ಮಾರುವುದು ಎಲ್ಲ ದೇಶಕ್ಕೆ. ಎರಡನೆಯದು, ಮೂಲ ಕಥೆ ಮುಕ್ತವಾದರೂ ಆಮೇಲಿನ ಸಿನಿಮಾದಲ್ಲಿ ಸೇರಿಸಿದ ವೇಷ, ಮಾತು, ಪಾತ್ರ ಮುಕ್ತವಲ್ಲ. ಮೂರನೆಯದು ಟ್ರೇಡ್‌ಮಾರ್ಕ್. ಕಥೆಯ ಕಾಪಿರೈಟ್ ಮುಗಿದಿದ್ದರೂ ಪಾತ್ರದ ಹೆಸರು ಯಾರದೋ ಟ್ರೇಡ್‌ಮಾರ್ಕ್ ಆಗಿರಬಹುದು. ಅದಕ್ಕೆ ಮುಕ್ತಾಯದ ದಿನಾಂಕ ಇಲ್ಲ, ಬಳಸುತ್ತಾ ನವೀಕರಿಸುತ್ತಾ ಇದ್ದರೆ ಮುಂದುವರಿಯುತ್ತಲೇ ಇರುತ್ತದೆ.

ಇನ್ನೊಂದು ಸಮಸ್ಯೆ ಕಾನೂನಿನದ್ದಲ್ಲ. ನಿಮಗೆ ಮುಕ್ತವಾದದ್ದು ಎಲ್ಲರಿಗೂ ಮುಕ್ತ. ಲವ್‌ಕ್ರಾಫ್ಟ್ ಲೋಕದ ಕಾಲ್ ಆಫ್ ಕ್ತುಲ್ಹು ಆಟ 1981ರಿಂದ ಆ ಮೇಜಿನ ತಲೆಯಲ್ಲಿ ಕೂತಿದೆ. ಅಲ್ಲಿ ಜಾಗ ಬೇಕಾದರೆ ಭಯಕ್ಕೆ ಬೇರೆಯದೇ ನಿಯಮ ತರಬೇಕು, ಇಲ್ಲದಿದ್ದರೆ ಜನ ತಿರುಗಿಯೂ ನೋಡುವುದಿಲ್ಲ.

ಅದೇ ರುಚಿ, ಸ್ವಂತ ಹೆಸರು

ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೊದಲ ಮುದ್ರಣಗಳಲ್ಲಿ ಟೋಲ್ಕಿನ್ ಕಥೆಗಳ ಜೀವಿಗಳ ಹೆಸರು ಹಾಬಿಟ್, ಎಂಟ್, ಬಾಲ್‌ರಾಗ್ ಅಂತಲೇ ಇತ್ತು. ಟೋಲ್ಕಿನ್ ಹಕ್ಕುದಾರರ ಆಕ್ಷೇಪ ಬಂದ ಮೇಲೆ 1970ರ ದಶಕದಲ್ಲೇ ಹಾಬಿಟ್ ಹೋಗಿ ಹಾಫ್‌ಲಿಂಗ್ ಬಂತು, ಎಂಟ್ ಹೋಗಿ ಟ್ರೀಯೆಂಟ್ ಬಂತು, ಬಾಲ್‌ರಾಗ್ ಅನ್ನುವ ಹೆಸರೂ ಹೋಯಿತು. ಆಟಕ್ಕೇನೂ ನಷ್ಟವಾಗಲಿಲ್ಲ.

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆಟ ಆಡುವ ವಿಧಾನಕ್ಕೆ ರಕ್ಷಣೆ ಇಲ್ಲ, ಅದನ್ನು ವಿವರಿಸುವ ಬರಹಕ್ಕೆ ಮತ್ತು ಚಿತ್ರಕ್ಕೆ ಇದೆ. ಹಾಗೆಯೇ ಬಾಹ್ಯಾಕಾಶದ ಕಳ್ಳಸಾಗಣೆದಾರರು, ದುಷ್ಟ ಸಾಮ್ರಾಜ್ಯ, ಹಳೆಯ ಹಡಗು ಇವು ಯಾರ ಆಸ್ತಿಯೂ ಅಲ್ಲ. 2018ರ ಸ್ಕಮ್ ಅಂಡ್ ವಿಲನಿ ಇಂಥದ್ದೇ ಸರಕು. ಹತ್ತು ಪುಟ ಓದಿದರೆ ಯಾವ ಸಿನಿಮಾಗಳ ಪ್ರೀತಿಯಿಂದ ಹುಟ್ಟಿದ್ದು ಅಂತ ಗೊತ್ತಾಗುತ್ತದೆ. ಆದರೆ ಹೆಸರುಗಳೆಲ್ಲ ಅದರದ್ದೇ.

ನಷ್ಟ ಒಂದೇ. ಹೆಸರು ನೋಡಿ ಬರುವ ಜನ ಬರುವುದಿಲ್ಲ. ಮೊದಲ ಪುಸ್ತಕ ನಿಧಾನವಾಗಿ ಮಾರಾಟವಾಗುತ್ತದೆ. ಆದರೆ ಕಾದಂಬರಿ, ವಿಡಿಯೋ ಗೇಮ್, ಅನುವಾದ ಏನೇ ಮುಂದೆ ಬಂದರೂ ಮಾಲೀಕರು ನೀವೇ. ಲೈಸೆನ್ಸ್ ಕೇಳಿಕೊಂಡು ಬೇರೆಯವರೇ ನಿಮ್ಮ ಹತ್ತಿರ ಬರಬಹುದು.

ಪ್ರಕಾಶಕರ ಅಂಗಡಿಯಲ್ಲಿ ಬರೆಯುವುದು

2016ರಲ್ಲಿ ಶುರುವಾದ ಡಂಜನ್ ಮಾಸ್ಟರ್ಸ್ ಗಿಲ್ಡ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಯಾರು ಬೇಕಾದರೂ ವಿಝರ್ಡ್ಸ್ ಲೋಕಗಳಿಗೆ ಸಾಹಸ, ಅಂದರೆ ಆಡಿಸಲು ಸಿದ್ಧವಾದ ಕಥೆ, ಬರೆದು ಮಾರಬಹುದು. ಬರೆದವರಿಗೆ ಮಾರಾಟದ ಅರ್ಧ. ಬೇರೆ ಕೆಲವು ಪ್ರಕಾಶಕರೂ ಇಂಥ ವ್ಯವಸ್ಥೆ ಇಟ್ಟಿದ್ದಾರೆ. ಅಲ್ಲಿ ಬರೆದದ್ದನ್ನು ಬೇರೆಡೆ ಮಾರುವಂತಿಲ್ಲ. ಸಿನಿಮಾ ಫ್ರಾಂಚೈಸಿಗಳು ಇಲ್ಲಿ ಸಿಗುವುದು ತೀರಾ ಅಪರೂಪ. ಕೈ ಪಳಗಿಸಲು, ಹೆಸರು ಮಾಡಲು ಸರಿ. ಪ್ರಕಾಶನ ನಡೆಸಲು ಸಾಲದು.

ಯಾರಿಗೆ ಯಾವುದು

ಮೊದಲ ಆಟವಾದರೆ ಸ್ವಂತ ಲೋಕ, ಇಲ್ಲವೇ ಕಾಪಿರೈಟ್ ಮುಗಿದ ಕಥೆ. ಅದರಲ್ಲಿ ನಿಯಮವನ್ನು ಪಳಗಿಸಿ. ಎರಡು ಮೂರು ಪುಸ್ತಕ ಸಮಯಕ್ಕೆ ತಲುಪಿಸಿದ್ದರೆ, ಓದುಗರ ಪಟ್ಟಿ ಇದ್ದರೆ, ನೀವು ನಿಜಕ್ಕೂ ಇಷ್ಟಪಡುವ ಲೇಖಕರನ್ನು ಸಂಪರ್ಕಿಸಿ. ದೊಡ್ಡ ಸ್ಟುಡಿಯೋ ಬಾಗಿಲು ಆಮೇಲೆ. ಅಲ್ಲಿಗೆ ಹೋಗುವಾಗಲೂ ಲೋಕಕ್ಕೆ ತಕ್ಕ ಒಂದು ನಿಯಮವನ್ನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮಾತುಕತೆಗೆ ಕೂತವರಿಗೆ ಏಲಿಯನ್ ಆಟದ ಒತ್ತಡದ ದಾಳದಂಥ ಒಂದು ಉಪಾಯ ತೋರಿಸಿದರೆ ಹತ್ತು ಪುಟದ ಪ್ರಸ್ತಾವಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಒಪ್ಪಂದ ಕೈಗೆ ಬಂದರೆ ಕೊನೆಯ ಪುಟಗಳನ್ನು ಮೊದಲು ಓದಿ. ಲೈಸೆನ್ಸ್ ಮುಗಿದಾಗ ಉಳಿದ ಪ್ರತಿಗಳನ್ನು ಮಾರಲು ಎಷ್ಟು ಸಮಯ ಅಂತ ಬರೆದಿರುವುದು ಅಲ್ಲೇ. ಟಿಎಸ್‌ಆರ್ 1984ರಲ್ಲಿ ತಂದ ಇಂಡಿಯಾನಾ ಜೋನ್ಸ್ ಆಟದ ಲೈಸೆನ್ಸ್ ಮುಗಿದಾಗ ಉಳಿದ ಪ್ರತಿಗಳನ್ನು ನಾಶ ಮಾಡಬೇಕಾಯಿತು. ಬ್ರಿಟನ್ ಕಚೇರಿಯವರು ಸುಟ್ಟು ಉಳಿದ ಚೂರುಗಳನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಹುದುಗಿಸಿ ಇಟ್ಟರು. ಹೆಸರಿನಲ್ಲಿ ಓದಲು ಉಳಿದದ್ದು 'ಡಯಾನಾ ಜೋನ್ಸ್' ಅಂತಷ್ಟೇ. 2001ರಿಂದ ಆಟಗಳ ಕ್ಷೇತ್ರದಲ್ಲಿ ಆ ಹೆಸರಿನ ಪ್ರಶಸ್ತಿ ಕೊಡುತ್ತಾರೆ, ಟ್ರೋಫಿ ಅದೇ.

ಹಾಗಾಗಿ ಆರು ತಿಂಗಳಾದರೂ ಮಾರಾಟದ ಅವಧಿ ಕೇಳಿ. ಪಿಡಿಎಫ್ ಖರೀದಿಸಿದವರು ಆಮೇಲೂ ಡೌನ್‌ಲೋಡ್ ಮಾಡಿಕೊಳ್ಳಬಹುದು ಅಂತ ಬರೆಸಿ. ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಪಡೆದ ಪುಸ್ತಕಗಳನ್ನು ಅವಧಿ ಮುಗಿದರೂ ಮುದ್ರಿಸಿ ತಲುಪಿಸುವ ಹಕ್ಕು ಉಳಿಸಿಕೊಳ್ಳಿ. ಆಟದ ನಿಯಮ, ಅದರ ಹೆಸರು ಮತ್ತು ನಿಯಮದ ಬರಹ ನಿಮ್ಮದೇ ಅನ್ನುವ ಷರತ್ತು ಪ್ರತ್ಯೇಕವಾಗಿ ಇರಲಿ. ಅದಕ್ಕೆ ಅವರು ಒಪ್ಪದಿದ್ದರೆ ಸಹಿ ಹಾಕಬೇಡಿ.